ಜಾಹೀರಾತು ತಡೆದವರ ಋಣ



ಜಾಹೀರಾತು ತಡೆಯುವ ಆ್ಯಡ್ ಬ್ಲಾಕರ್ ಹಾಕಿಕೊಂಡು ಯೂಟ್ಯೂಬ್ ನೋಡುವುದು ತಪ್ಪೇ? ಪತ್ರಿಕೋದ್ಯಮ ಓದುವ ಮಕ್ಕಳು ಈಚಿನ ವರ್ಷಗಳಲ್ಲಿ ನನ್ನನ್ನು ಮತ್ತೆ ಮತ್ತೆ ಕೇಳುವ ಪ್ರಶ್ನೆ ಇದು. ಕೇಳುವವರಲ್ಲಿ ಬಹಳಷ್ಟು ಮಂದಿ ಅದನ್ನು ಆಗಲೇ ಹಾಕಿಕೊಂಡಿರುತ್ತಾರೆ. ತಾವು ಮೆಚ್ಚಿ ನೋಡುವ ಚಾನೆಲ್ಲಿನವರ ಹೊಟ್ಟೆಯ ಮೇಲೆ ತಾವೇ ಹೊಡೆಯುತ್ತಿದ್ದೇವೆಯೇ ಎಂಬ ಅಳುಕು ಅವರಿಗೆ. ಆ ಅಳುಕು ಒಳ್ಳೆಯದು. ಅದನ್ನು ಕಳೆಯುವ ಬದಲು ಅದಕ್ಕೊಂದು ಸರಿಯಾದ ದಾರಿ ತೋರಿಸಬಹುದೇ ಎಂದು ಯೋಚಿಸಿ ಇವತ್ತಿನ ಉಪನ್ಯಾಸಕ್ಕೆ ಈ ವಿಷಯ ಆರಿಸಿಕೊಂಡೆ.

ನನ್ನ ನಿಲುವನ್ನು ಮೊದಲೇ ಹೇಳಿಬಿಡುತ್ತೇನೆ. ಜಾಹೀರಾತು ತಡೆಯುವುದು ಕಳ್ಳತನವಲ್ಲ. ಆದರೆ ಜಾಹೀರಾತು ತಡೆದ ಮಾತ್ರಕ್ಕೆ ಆ ವಿಡಿಯೊ ಮಾಡಿದವರ, ಆ ಲೇಖನ ಬರೆದವರ ಋಣ ಹರಿಯುವುದಿಲ್ಲ. ಅಲ್ಲಿಯವರೆಗೆ ನಮ್ಮ ಪರವಾಗಿ ಜಾಹೀರಾತಿನವರು ಅವರಿಗೆ ಒಂದಿಷ್ಟು ಕೊಡುತ್ತಿದ್ದರು. ಜಾಹೀರಾತಿನವರನ್ನು ನಾವು ಆಚೆ ಕಳಿಸಿದ ಮೇಲೆ ಕೊಡುವ ಹೊಣೆ ನಮ್ಮದಾಗುತ್ತದೆ. ಕನ್ನಡದ ಮಟ್ಟಿಗಂತೂ ಈ ಹೊಣೆಯನ್ನು ನಾವು ಬ್ಲಾಕರ್ ಇದ್ದರೂ ಇಲ್ಲದಿದ್ದರೂ ಹೊರಬೇಕು ಎಂಬುದು ನನ್ನ ವಾದ. ಏಕೆಂದು ಮುಂದೆ ಲೆಕ್ಕ ಸಮೇತ ಹೇಳುತ್ತೇನೆ.

ನಾನು ಜಾಹೀರಾತಿನ ವಿರೋಧಿಯಲ್ಲ. ಪತ್ರಿಕೆಯ ಡೆಸ್ಕಿನಲ್ಲಿ ಬಹಳ ಕಾಲ ಕೂತವನು ಹಾಗಿರಲು ಬರುವುದಿಲ್ಲ. ಸಂಜೆಯಾದರೆ ಜಾಹೀರಾತು ವಿಭಾಗದಿಂದ ಡಮ್ಮಿ ಬರುತ್ತಿತ್ತು. ಎಂಟು ಕಾಲಮ್ಮಿನ ಪುಟದ ನಕ್ಷೆ, ಅದರಲ್ಲಿ ಜಾಹೀರಾತಿನ ಜಾಗಕ್ಕೆಲ್ಲ ಪೆನ್ಸಿಲಿನಲ್ಲಿ ಅಡ್ಡಗೆರೆ. ಉಳಿದ ಬಿಳಿ ಜಾಗ ಮಾತ್ರ ಸುದ್ದಿಗೆ. ಬರದ ವರದಿಗೆ ಮೂರು ಕಾಲಮ್ ಎಂದು ಲೆಕ್ಕ ಹಾಕಿ ಕೂತಿರುವಾಗ ಕೊನೇ ಗಳಿಗೆಯಲ್ಲಿ ಒಂದು ಟೆಂಡರ್ ಪ್ರಕಟಣೆ ಬಂದರೆ, ಬರ ಒಂದು ಕಾಲಮ್ಮಿಗೆ ಇಳಿಯುತ್ತಿತ್ತು. ಸಿಟ್ಟು ಬರುತ್ತಿತ್ತು, ನಿಜ. ಆದರೆ ಆ ಟೆಂಡರಿನಿಂದಲೇ ನಮ್ಮ ಸಂಬಳ, ದೂರದ ತಾಲ್ಲೂಕಿನ ಬಿಡಿ ಸುದ್ದಿಗಾರನ ಗೌರವಧನ. ಓದುಗ ಕೊಡುವ ಬೆಲೆ ಕಾಗದದ ಖರ್ಚಿಗೂ ಸಾಲುತ್ತಿರಲಿಲ್ಲ. 1833ರಲ್ಲಿ ಬೆಂಜಮಿನ್ ಡೇ ಎಂಬಾತ ನ್ಯೂಯಾರ್ಕಿನಲ್ಲಿ ‘ಸನ್’ ಪತ್ರಿಕೆಯನ್ನು ಒಂದೇ ಸೆಂಟಿಗೆ ಮಾರಲು ಹೊರಟಾಗ ಆರಂಭವಾದ ಏರ್ಪಾಡು ಅದು. ಕೂಲಿಕಾರನ ಕೈಗೂ ಪತ್ರಿಕೆ ಸಿಗುವಂತೆ ಮಾಡಿದ ಪುಣ್ಯ ಜಾಹೀರಾತಿಗೆ ಸಲ್ಲಬೇಕು.

ಆದರೆ ಪತ್ರಿಕೆಯ ಜಾಹೀರಾತು ತನ್ನ ಜಾಗದಲ್ಲಿ ತಾನು ಕೂತಿರುತ್ತಿತ್ತು. ಅದನ್ನು ಯಾರು ನೋಡಿದರು, ಎಷ್ಟು ಹೊತ್ತು ನೋಡಿದರು, ಆಮೇಲೆ ಯಾವ ಅಂಗಡಿಗೆ ಹೋದರು ಎಂಬುದು ಅದಕ್ಕೆ ತಿಳಿಯುತ್ತಿರಲಿಲ್ಲ. ಅಂತರಜಾಲದ ಮೊದಮೊದಲ ಜಾಹೀರಾತುಗಳೂ ಹೆಚ್ಚುಕಡಿಮೆ ಹಾಗೆಯೇ ಇದ್ದವು. 1994ರ ಅಕ್ಟೋಬರ್ 27ರಂದು ಅಮೆರಿಕದ ‘ಹಾಟ್‌ವೈರ್ಡ್’ ತಾಣದಲ್ಲಿ ಎಟಿ ಅಂಡ್ ಟಿ ಕಂಪನಿಯ ಪಟ್ಟಿ ಜಾಹೀರಾತು ಮೂಡಿತು. ಕೆಲವೇ ವರ್ಷಗಳಲ್ಲಿ ಪಾಪ್‌ಅಪ್ ಬಂತು. ಅದರ ಹುಟ್ಟಿನ ಕಥೆ ಕೇಳತಕ್ಕದ್ದು. ‘ಟ್ರೈಪಾಡ್’ ಎಂಬ ತಾಣದಲ್ಲಿ ಜನ ತಮ್ಮದೇ ಪುಟಗಳನ್ನು ಕಟ್ಟಿಕೊಳ್ಳುತ್ತಿದ್ದರು. ಅಶ್ಲೀಲ ಪುಟವೊಂದರ ಮೇಲೆ ತನ್ನ ಜಾಹೀರಾತು ಕಂಡ ಕಾರು ಕಂಪನಿಯೊಂದು ಗಾಬರಿಗೊಂಡಿತು. ಪುಟದ ಮೇಲೆ ಜಾಹೀರಾತು ಇದ್ದರೆ ತಾನೇ ಪೇಚು, ಬೇರೆಯದೇ ಕಿಟಕಿಯಲ್ಲಿ ತೆರೆಯೋಣ ಎಂದು ಈಥನ್ ಜುಕರ್‌ಮನ್ ಎಂಬ ತಂತ್ರಜ್ಞ ಅದಕ್ಕೆ ಬೇಕಾದ ಕೋಡ್ ಬರೆದರು. 2014ರಲ್ಲಿ ಅವರೇ ‘ದಿ ಅಟ್ಲಾಂಟಿಕ್’ ಪತ್ರಿಕೆಯಲ್ಲಿ ಇದನ್ನು ಹೇಳಿಕೊಂಡು ಕ್ಷಮೆ ಕೇಳಿದರು. ಅವರಿಗೆ ಪಾಪ್‌ಅಪ್ಪಿಗಿಂತ ದೊಡ್ಡದಾಗಿ ಕಂಡ ತಪ್ಪು ಇನ್ನೊಂದು: ಇಡೀ ಅಂತರಜಾಲವನ್ನು ಜಾಹೀರಾತಿನ ಮೇಲೆ ನಿಲ್ಲಿಸಿದ್ದು, ಅದರಿಂದಾಗಿ ಬಳಕೆದಾರರ ಮೇಲೆ ಸದಾ ಕಣ್ಣಿಡುವುದು ಅನಿವಾರ್ಯವಾದದ್ದು.

ಆ ಕಣ್ಣಿಡುವಿಕೆ ಇವತ್ತು ಹೇಗೆ ನಡೆಯುತ್ತದೆ ಎಂದು ಸ್ವಲ್ಪ ವಿವರವಾಗಿಯೇ ಹೇಳಬೇಕು. ಏಕೆಂದರೆ ಬ್ಲಾಕರಿನ ಬಗ್ಗೆ ನೀತಿ ಮಾತಾಡುವವರು ಈ ಭಾಗವನ್ನು ಹಾರಿಸಿಬಿಡುತ್ತಾರೆ. ನೀವು ಫೋನಿನಲ್ಲಿ ಒಂದು ಸುದ್ದಿತಾಣ ತೆರೆದಿರಿ ಎನ್ನಿ. ಪುಟ ಪೂರ್ತಿ ಮೂಡುವ ಮೊದಲೇ ನಿಮ್ಮ ಫೋನು ಯಾವುದು, ನೀವಿರುವ ಊರು ಯಾವುದು, ಈಚೆಗೆ ಏನೇನು ನೋಡಿದಿರಿ ಎಂಬ ವಿವರಗಳು ಒಂದು ಹರಾಜಿಗೆ ಹೋಗುತ್ತವೆ. ಹತ್ತಾರು ಕಂಪನಿಗಳ ಯಂತ್ರಗಳು ಆ ವಿವರ ಓದಿ, ನಿಮ್ಮ ಕಣ್ಣಿಗೆ ಇಷ್ಟು ಕೊಡುತ್ತೇವೆ ಎಂದು ಕೂಗುತ್ತವೆ. ಸೆಕೆಂಡಿನ ಹತ್ತನೇ ಒಂದು ಭಾಗದಷ್ಟು ಹೊತ್ತಿನಲ್ಲಿ ಹರಾಜು ಮುಗಿದು ಗೆದ್ದವರ ಜಾಹೀರಾತು ನಿಮ್ಮ ಮುಂದೆ ಬರುತ್ತದೆ. ಸೋತವರ ಕೈಗೂ ನಿಮ್ಮ ವಿವರ ಸೇರಿಯಾಗಿರುತ್ತದೆ. ಅದನ್ನು ಅವರು ಏನು ಮಾಡುತ್ತಾರೆ ಎಂದು ನೋಡುವವರಿಲ್ಲ. ನೀವು ಇದಕ್ಕೆ ಒಪ್ಪಿದ್ದೀರಾ ಎಂದು ಕೇಳಿದರೆ, ಕೆಳಗೆ ಬಂದ ಕುಕೀ ಪಟ್ಟಿಯಲ್ಲಿ ದೊಡ್ಡ ಗುಂಡಿ ಒತ್ತಿದ್ದೀರಲ್ಲ ಎನ್ನುತ್ತಾರೆ. ಅದನ್ನು ಒಪ್ಪಿಗೆ ಎಂದು ಕರೆಯಲು ನನಗೆ ಮನಸ್ಸು ಬರುವುದಿಲ್ಲ.

ಹರಾಜು ಇಷ್ಟು ವೇಗವಾಗಿ ನಡೆಯುವುದರಿಂದ ಬರುವ ಜಾಹೀರಾತು ಎಂಥದ್ದು ಎಂದು ತಾಣದವರಿಗೂ ಗೊತ್ತಿರುವುದಿಲ್ಲ. 2016ರ ಮಾರ್ಚಿನಲ್ಲಿ ನ್ಯೂಯಾರ್ಕ್ ಟೈಮ್ಸ್, ಬಿಬಿಸಿಯಂಥ ದೊಡ್ಡ ತಾಣಗಳಲ್ಲೇ ಜಾಹೀರಾತಿನ ಮರೆಯಲ್ಲಿ ದುಷ್ಟ ತಂತ್ರಾಂಶ ನುಗ್ಗಿತ್ತು. 2022ರ ಡಿಸೆಂಬರಿನಲ್ಲಿ ಅಮೆರಿಕದ ಎಫ್‌ಬಿಐ, ಬ್ಯಾಂಕು ಮತ್ತು ಕಂಪನಿಗಳ ಹೆಸರಿನಲ್ಲಿ ಸರ್ಚ್ ಜಾಹೀರಾತು ಕೊಟ್ಟು ವಂಚಿಸುವವರ ಬಗ್ಗೆ ಎಚ್ಚರಿಸಿ, ಆ್ಯಡ್ ಬ್ಲಾಕರ್ ಬಳಸಿ ಎಂದು ಜನರಿಗೆ ಸಲಹೆ ಕೊಟ್ಟಿತು. ನಮ್ಮಲ್ಲಿ ಪಿಂಚಣಿಯ ಹಣ, ಗ್ಯಾಸ್ ಸಬ್ಸಿಡಿ ಎಂದು ಹುಡುಕಿ ನಕಲಿ ಸಹಾಯವಾಣಿಗೆ ಫೋನ್ ಮಾಡಿ ಕಳೆದುಕೊಂಡ ಹಿರಿಯರು ಎಷ್ಟು ಜನ ಎಂದು ನಿಮ್ಮ ನಿಮ್ಮ ಬೀದಿಯಲ್ಲೇ ಕೇಳಿ ನೋಡಿ. ಡೇಟಾ ವಿಷಯವೂ ಇದೆ. 2015ರಲ್ಲಿ ನ್ಯೂಯಾರ್ಕ್ ಟೈಮ್ಸ್ ಐವತ್ತು ಸುದ್ದಿತಾಣಗಳನ್ನು ಮೊಬೈಲಿನಲ್ಲಿ ಅಳೆದು ನೋಡಿದಾಗ ಅರ್ಧಕ್ಕಿಂತ ಹೆಚ್ಚು ಡೇಟಾ ಹೋಗಿದ್ದು ಜಾಹೀರಾತಿಗೆ. ದಿನಕ್ಕೆ ಒಂದೂವರೆ ಜಿಬಿಯ ರೀಚಾರ್ಜ್ ಮಾಡಿಸಿಕೊಳ್ಳುವ ವಿದ್ಯಾರ್ಥಿ ತನ್ನದೇ ದುಡ್ಡಿನಲ್ಲಿ ಬೇರೆಯವರ ಜಾಹೀರಾತು ಹೊತ್ತು ತರುತ್ತಾನೆ.

ಇನ್ನು ಮನೆಯೊಳಗಿನ ಮಾತು. ಮೊಮ್ಮಗಳು ಪಂಚತಂತ್ರದ ಕಥೆ ನೋಡುತ್ತಾ ಕೂತಿದ್ದಳು. ಮೊಸಳೆಯ ಬೆನ್ನ ಮೇಲೆ ಕೋತಿ ಹತ್ತಿ ಕೂತಿತು, ಅಷ್ಟರಲ್ಲಿ ರಮ್ಮಿ ಆಡಿ ಲಕ್ಷಗಟ್ಟಲೆ ಗೆಲ್ಲಿ ಎಂದು ಒಬ್ಬ ನಟ ಬಂದು ನಿಂತ. ಮಗು ನನ್ನ ಮುಖ ನೋಡಿ, ತಾತ ನಾವೂ ಆಡೋಣವಾ ಎಂದಿತು. ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನೂ ಅವುಗಳ ಜಾಹೀರಾತನ್ನೂ ನಿಷೇಧಿಸುವ ಕಾಯ್ದೆಯನ್ನು ನಮ್ಮ ಸಂಸತ್ತು ಒಪ್ಪಿದ್ದು 2025ರ ಆಗಸ್ಟಿನಲ್ಲಿ. ಅಲ್ಲಿಯವರೆಗೆ ಅಂಥ ಜಾಹೀರಾತನ್ನು ಮಗುವಿನ ಮುಂದೆ ಬಿಡದಿರಲು ತಂದೆ ತಾಯಿಗಳಿಗಿದ್ದ ಸುಲಭದ ಒಂದು ಉಪಾಯ ಬ್ಲಾಕರ್. ಹಾಗೆ ಮಾಡಿದವರನ್ನು ಕಳ್ಳರೆನ್ನಲು ಯಾರಿಗೆ ಬಾಯಿ ಬರುತ್ತದೆ?

ಬಾಯಿ ಬಂದವರೂ ಇದ್ದಾರೆ. 2002ರಲ್ಲಿ, ಟಿವಿಯ ಜಾಹೀರಾತು ಹಾರಿಸುವ ರೆಕಾರ್ಡರುಗಳು ಬಂದ ಕಾಲದಲ್ಲಿ, ಟರ್ನರ್ ಬ್ರಾಡ್‌ಕಾಸ್ಟಿಂಗ್ ಕಂಪನಿಯ ಮುಖ್ಯಸ್ಥ ಜೇಮಿ ಕೆಲ್ನರ್ ಜಾಹೀರಾತು ಹಾರಿಸುವುದು ಕಳ್ಳತನ ಎಂದರು. ಬಚ್ಚಲಿಗೆ ಎದ್ದುಹೋಗುವಷ್ಟನ್ನು ಸಹಿಸಬಹುದು ಎಂಬ ರಿಯಾಯಿತಿಯನ್ನೂ ಕೊಟ್ಟರು. ಅದೇ ವರ್ಷ ಡೆನ್ಮಾರ್ಕಿನ ವಿದ್ಯಾರ್ಥಿ ಹೆನ್ರಿಕ್ ಆಸ್ಟೆಡ್ ಸೊರೆನ್ಸನ್, ಆಮೇಲೆ ಫೈರ್‌ಫಾಕ್ಸ್ ಎಂದು ಹೆಸರಾದ ಬ್ರೌಸರಿಗೆ ‘ಆ್ಯಡ್‌ಬ್ಲಾಕ್’ ಬರೆದ. ಭಾರತದಲ್ಲಂತೂ ಲಕ್ಷಾಂತರ ಜನ ತಾವು ಬ್ಲಾಕರ್ ಬಳಸುತ್ತಿದ್ದೇವೆಂದು ತಿಳಿಯದೆಯೇ ಬಳಸಿದರು. 2020ರ ಜೂನಿನಲ್ಲಿ ನಿಷೇಧವಾದ ಯುಸಿ ಬ್ರೌಸರಿನಲ್ಲಿ ಅದು ಒಳಗೇ ಇತ್ತು.

ಕಳ್ಳತನ ಎಂಬ ವಾದ ನಿಲ್ಲುವುದಿಲ್ಲ. ನನ್ನ ಫೋನಿಗೆ ಬಂದ ಪುಟದ ಯಾವ ಭಾಗವನ್ನು ತೆರೆಯಬೇಕು, ಯಾವುದನ್ನು ತೆರೆಯಬಾರದು ಎಂದು ತೀರ್ಮಾನಿಸುವ ಹಕ್ಕು ನನ್ನದು. ಜರ್ಮನಿಯ ಪ್ರಕಾಶನ ಸಂಸ್ಥೆ ಆ್ಯಕ್ಸೆಲ್ ಸ್ಪ್ರಿಂಗರ್ ಈ ಪ್ರಶ್ನೆಯನ್ನು ಅಲ್ಲಿನ ಅತ್ಯುನ್ನತ ಸಿವಿಲ್ ನ್ಯಾಯಾಲಯದವರೆಗೂ ಒಯ್ದಿತು. 2018ರ ಏಪ್ರಿಲ್ 19ರಂದು ನ್ಯಾಯಾಲಯ ‘ಆ್ಯಡ್‌ಬ್ಲಾಕ್ ಪ್ಲಸ್’ ಎಂಬ ಬ್ಲಾಕರಿನ ಪರವಾಗಿ ತೀರ್ಪು ಕೊಟ್ಟಿತು. ಬಳಸುವವನ ಇಚ್ಛೆಯಿಂದ ನಡೆಯುವ ಕೆಲಸ ಇದು, ಪತ್ರಿಕೆಗೆ ಬೇಡವಾದರೆ ಬ್ಲಾಕರ್ ಹಾಕಿದವರನ್ನು ಒಳಗೆ ಬಿಡದಿರಲಿ ಎಂದಿತು. ಕೃತಿಸ್ವಾಮ್ಯದ ನೆಲೆಯಲ್ಲಿ ಹೂಡಿದ ಇನ್ನೊಂದು ದಾವೆಯನ್ನು 2025ರ ಜುಲೈ ಕೊನೆಗೆ ಅದೇ ನ್ಯಾಯಾಲಯ ಮರುವಿಚಾರಣೆಗೆ ಕೆಳಕ್ಕೆ ಕಳಿಸಿದೆ. ಹಾಗಾಗಿ ಕಾನೂನಿನ ಮಾತು ಇನ್ನೂ ಮುಗಿದಿಲ್ಲ. ಒಳಗೆ ಬಿಡದಿರುವ ಹಕ್ಕನ್ನು ನಾನೂ ಒಪ್ಪುತ್ತೇನೆ. ಬ್ಲಾಕರ್ ತನ್ನ ಸೇವಾ ನಿಯಮಕ್ಕೆ ವಿರುದ್ಧ ಎಂದು ಯೂಟ್ಯೂಬ್ 2023ರಿಂದ ವಿಡಿಯೊ ನಿಲ್ಲಿಸತೊಡಗಿತು. ಅದು ಅವರ ಮನೆ, ಬಾಗಿಲು ಹಾಕಿಕೊಳ್ಳಬಹುದು.

ಬ್ಲಾಕರ್ ಮಾಡುವವರೆಲ್ಲ ಸಾಚಾ ಎಂದೂ ನಾನು ಹೇಳುವುದಿಲ್ಲ. ‘ಆ್ಯಡ್‌ಬ್ಲಾಕ್ ಪ್ಲಸ್’ ನಡೆಸುವ ಐಯೊ ಕಂಪನಿ 2011ರಿಂದ ‘ಒಪ್ಪಬಹುದಾದ ಜಾಹೀರಾತು’ ಎಂಬ ಪಟ್ಟಿ ಇಟ್ಟಿದೆ. ದೊಡ್ಡ ಕಂಪನಿಗಳು ದುಡ್ಡು ಕೊಟ್ಟು ಆ ಪಟ್ಟಿಯ ಮೂಲಕ ಒಳಗೆ ಬರುತ್ತವೆ. ಇದಕ್ಕೆ ಎದುರಾಗಿ, ‘ಯುಬ್ಲಾಕ್ ಒರಿಜಿನ್’ ಎಂಬ ಬ್ಲಾಕರ್ ಶುರುಮಾಡಿದ ರೇಮಂಡ್ ಹಿಲ್ ಯಾರಿಂದಲೂ ದೇಣಿಗೆ ಸಹ ತೆಗೆದುಕೊಳ್ಳುವುದಿಲ್ಲ. ನೀವು ಬಳಸುವುದು ಯಾವುದು ಎಂದು ನೋಡಿಕೊಳ್ಳುವುದು ಒಳ್ಳೆಯದು.

ಇವರೆಲ್ಲರಿಗಿಂತ ನನ್ನ ಮನಸ್ಸಿನಲ್ಲಿ ಉಳಿದವರು ಮಾರ್ಕೊ ಆರ್ಮೆಂಟ್. 2015ರ ಸೆಪ್ಟೆಂಬರಿನಲ್ಲಿ ಐಫೋನಿನಲ್ಲಿ ಬ್ಲಾಕರಿಗೆ ಅವಕಾಶ ಸಿಕ್ಕ ಕೂಡಲೇ ಅವರು ‘ಪೀಸ್’ ಎಂಬ ಆ್ಯಪ್ ಬಿಟ್ಟರು. ಬೆಲೆ ಮೂರು ಡಾಲರಿನ ಹತ್ತಿರ. ಅದು ಅಮೆರಿಕದಲ್ಲಿ ದುಡ್ಡು ಕೊಟ್ಟು ಕೊಳ್ಳುವ ಆ್ಯಪ್‌ಗಳ ಪಟ್ಟಿಯ ತುದಿಗೇರಿತು. ಎರಡು ದಿನವಾಗುವ ಹೊತ್ತಿಗೆ ಅವರೇ ಅದನ್ನು ಹಿಂದಕ್ಕೆ ತೆಗೆದುಕೊಂಡರು. ಕೊಂಡವರಿಗೆಲ್ಲ ದುಡ್ಡು ವಾಪಸಾಯಿತು. ಬ್ಲಾಕರ್ ಬೇಕೇ ಬೇಕು ಎಂಬ ಅಭಿಪ್ರಾಯ ಅವರು ಬದಲಿಸಲಿಲ್ಲ. ಆದರೆ ಈ ಆ್ಯಪ್ ಒಳ್ಳೆಯ ತಾಣ, ಕೆಟ್ಟ ತಾಣ ಎಂಬ ಭೇದವಿಲ್ಲದೆ ಎಲ್ಲರಿಗೂ ಹೊಡೆಯುತ್ತಿದೆ, ಹೊಡೆತ ತಿನ್ನಬಾರದವರೂ ತಿನ್ನುತ್ತಿದ್ದಾರೆ, ಹಾಗಿರುವಾಗ ಈ ಗೆಲುವು ಸಂತೋಷ ಕೊಡುತ್ತಿಲ್ಲ ಎಂದು ಬರೆದರು. ನನ್ನ ವಿದ್ಯಾರ್ಥಿಗಳ ಅಳುಕೂ ಇದೇ.

ಹೊಡೆತ ತಿನ್ನಬಾರದವರು ಯಾರು? ಒಬ್ಬನನ್ನು ಹತ್ತಿರದಿಂದ ಬಲ್ಲೆ. ಗದಗ ಕಡೆಯ ಹುಡುಗ, ಹೆಸರು ಬೇಡ. ಹಳ್ಳಿಹಳ್ಳಿಗೆ ಬಸ್ಸಿನಲ್ಲಿ ಹೋಗಿ ಬೀಸುಕಲ್ಲಿನ ಪದ, ಸೋಬಾನೆ ಪದ ಹಾಡುವ ಮುದುಕಿಯರನ್ನು ಚಿತ್ರಿಸಿಕೊಂಡು ಬರುತ್ತಾನೆ. ಅವನ ಕೋಣೆಯ ಗೋಡೆಗೆ ಹಳೇ ಕೌದಿಗಳನ್ನು ಮೊಳೆ ಹೊಡೆದು ನೇತುಹಾಕಿದ್ದಾನೆ, ದನಿ ಗುಂಯ್‌ಗುಡಬಾರದೆಂದು. ಕರೆಂಟು ಇರುವ ಹೊತ್ತು ನೋಡಿಕೊಂಡು ಎಡಿಟಿಂಗ್. ಹಾಡಿನ ಒಂದೊಂದು ಸಾಲನ್ನೂ ಕೆಳಗೆ ಅಕ್ಷರದಲ್ಲಿ ಕೊಡುತ್ತಾನೆ. ಅರ್ಥವಾಗದ ಪದ ಬಂದರೆ ಮತ್ತೆ ಆ ಊರಿಗೆ ಹೋಗಿ ಕೇಳುತ್ತಾನೆ. ಯೂಟ್ಯೂಬಿನಲ್ಲಿ ಉದ್ದ ವಿಡಿಯೊ ಮಾಡುವವರಿಗೆ ಜಾಹೀರಾತಿನ ಪಾಲು ಸಿಗಬೇಕಾದರೆ ಸಾವಿರ ಚಂದಾದಾರರು, ಒಂದು ವರ್ಷದಲ್ಲಿ ನಾಲ್ಕು ಸಾವಿರ ಗಂಟೆಯ ವೀಕ್ಷಣೆ ಆಗಿರಬೇಕು. ಅದನ್ನು ದಾಟಿದ. ಗಳಿಕೆ ಹತ್ತು ಡಾಲರ್ ಮುಟ್ಟಿದಾಗ ಗೂಗಲ್ ವಿಳಾಸ ಖಚಿತಪಡಿಸಿಕೊಳ್ಳಲು ಅಂಚೆಯಲ್ಲಿ ಪಿನ್ ಸಂಖ್ಯೆ ಕಳಿಸುತ್ತದೆ. ಆ ಲಕೋಟೆ ಬಂದ ದಿನ ಪೋಸ್ಟ್‌ಮನ್ನಿಗೆ ಚಹಾ ಕುಡಿಸಿದ್ದಾನೆ. ನೂರು ಡಾಲರ್ ಆಗುವವರೆಗೆ ದುಡ್ಡು ಬ್ಯಾಂಕಿಗೆ ಬರುವುದಿಲ್ಲ. ನೂರು ಡಾಲರ್ ಆಗಲು ಅವನು ಎಷ್ಟು ಕಾಯುತ್ತಾನೆಂದರೆ, ಅಷ್ಟರಲ್ಲಿ ಅವನು ಚಿತ್ರಿಸಿಕೊಂಡ ಅಜ್ಜಿಯರಲ್ಲಿ ಒಬ್ಬರು ತೀರಿಕೊಂಡಿದ್ದರು.

ಈಗ ಲೆಕ್ಕಕ್ಕೆ ಬರೋಣ. ಉದ್ದ ವಿಡಿಯೊಗಳ ಜಾಹೀರಾತಿನ ಆದಾಯದಲ್ಲಿ ಯೂಟ್ಯೂಬ್, ವಿಡಿಯೊ ಮಾಡಿದವರಿಗೆ ಶೇಕಡಾ 55ರಷ್ಟು ಕೊಡುತ್ತದೆ. ಜಾಹೀರಾತಿನ ದರ ದೇಶ, ಭಾಷೆ, ವಿಷಯ ನೋಡಿಕೊಂಡು ಏರಿಳಿಯುತ್ತದೆ. ಸಾವಿರ ವೀಕ್ಷಣೆಗೆ ಐವತ್ತು ರೂಪಾಯಿ ಅವನ ಕೈಸೇರುತ್ತದೆಂದು ಲೆಕ್ಕಕ್ಕಾಗಿ ಇಟ್ಟುಕೊಳ್ಳೋಣ. ಅಂದರೆ ನೀವು ಒಂದು ಸಲ ನೋಡಿದರೆ ಐದು ಪೈಸೆ. ವಾರಕ್ಕೆ ಎರಡರಂತೆ ವರ್ಷಕ್ಕೆ ನೂರು ವಿಡಿಯೊ, ಬ್ಲಾಕರ್ ಇಲ್ಲದೆ ಒಂದೂ ಜಾಹೀರಾತು ಬಿಡದೆ ಶ್ರದ್ಧೆಯಿಂದ ನೋಡಿದಿರಿ ಎನ್ನಿ. ಅವನಿಗೆ ಸಿಗುವುದು ಐದು ರೂಪಾಯಿ. ನೀವು ಒಂದೇ ಸಲ ನೂರು ರೂಪಾಯಿ ಯುಪಿಐ ಮಾಡಿದರೆ ಇಪ್ಪತ್ತು ವರ್ಷ ಜಾಹೀರಾತು ನೋಡಿದ್ದಕ್ಕೆ ಸಮ. ನನ್ನ ಊಹೆ ತಪ್ಪಿ ದರ ಎರಡರಷ್ಟೇ ಇದ್ದರೂ ಹತ್ತು ವರ್ಷ.

ಇದು ಗೊತ್ತಾದ ಮೇಲೆ ಬ್ಲಾಕರ್ ಹಾಕಬೇಕೇ ತೆಗೆಯಬೇಕೇ ಎಂಬ ಪ್ರಶ್ನೆ ನನಗೆ ಚಿಕ್ಕದಾಗಿ ಕಾಣುತ್ತದೆ. ಜಾಹೀರಾತು ನೋಡಿದೆ, ನನ್ನ ಕರ್ತವ್ಯ ಮುಗಿಯಿತು ಎಂದುಕೊಳ್ಳುವವನು ಐದು ಪೈಸೆಗೆ ಸಮಾಧಾನ ಕೊಂಡುಕೊಂಡಿದ್ದಾನೆ. ಬ್ಲಾಕರ್ ಹಾಕಿ ವರ್ಷಕ್ಕೊಮ್ಮೆ ನೂರು ರೂಪಾಯಿ ಕೊಟ್ಟವನು ಮಾಡಿದವರಿಗೆ ಹೆಚ್ಚು ಹತ್ತಿರದವನು. ಬ್ಲಾಕರ್ ಹಾಕಿ ಏನನ್ನೂ ಕೊಡದೆ, ಕೊಡುವ ಶಕ್ತಿಯಿದ್ದೂ ಕೊಡದೆ, ದೊಡ್ಡ ಕಂಪನಿಗೆ ಬುದ್ಧಿ ಕಲಿಸಿದೆ ಎನ್ನುವವನನ್ನು ನಾನು ಒಪ್ಪಲಾರೆ. ಆ ಕಂಪನಿಗೆ ಅವನ ಐದು ಪೈಸೆ ಲೆಕ್ಕಕ್ಕಿಲ್ಲ. ಗದಗದ ಹುಡುಗನಿಗೆ ಇದೆ.

ಇಲ್ಲಿ ಹೊರದೇಶದ ಕನ್ನಡಿಗರಿಗೆ ಒಂದು ಮಾತು. ಅಮೆರಿಕದಲ್ಲಿ ಕೂತು ನೋಡುವವರ ಒಂದು ವೀಕ್ಷಣೆಗೆ ಜಾಹೀರಾತಿನವರು ಕೊಡುವ ದರ ನಮ್ಮ ಊರಿನ ದರಕ್ಕಿಂತ ಹಲವು ಪಟ್ಟು ಹೆಚ್ಚು. ಒಂದು ಕನ್ನಡ ಚಾನೆಲ್ಲಿಗೆ ಅಂಥ ನೋಡುಗರು ಒಂದಿಷ್ಟು ಜನ ಇದ್ದರೆ ಆದಾಯದ ಮುಖವೇ ಬೇರೆ. ಬ್ಲಾಕರ್ ಹಾಕಿಕೊಂಡವರಲ್ಲಿ ಸಾಫ್ಟ್‌ವೇರ್ ಬಲ್ಲ ನಮ್ಮವರೇ ಬಹಳ ಇರುತ್ತಾರೆ. ಅವರು ತಡೆದದ್ದು ಐದು ಪೈಸೆಯಲ್ಲ. ಅವರ ಋಣವೂ ಆ ಪ್ರಮಾಣದಲ್ಲೇ ದೊಡ್ಡದು.

ಕನ್ನಡವನ್ನು ಈ ಮಾರುಕಟ್ಟೆ ಮೊದಲಿನಿಂದಲೂ ತಡವಾಗಿಯೇ ಗುರುತಿಸಿತು. ತಾಣಗಳಿಗೆ ಜಾಹೀರಾತು ಒದಗಿಸುವ ಗೂಗಲಿನ ಆ್ಯಡ್‌ಸೆನ್ಸ್ 2014ರ ಕೊನೆಗೆ ಹಿಂದಿಗೆ ಬಂತು. ಕನ್ನಡಕ್ಕೆ ಬಂದದ್ದು ಅದಾಗಿ ವರ್ಷಗಳ ಮೇಲೆ. ಅಂದರೆ ‘ಸಂಪದ’ದಂಥ ತಾಣಗಳ ಸುತ್ತ, ನೂರಾರು ಬ್ಲಾಗುಗಳಲ್ಲಿ ಕನ್ನಡ ಅರಳಿದ ಕಾಲದಲ್ಲಿ ಬರೆದವರಿಗೆ ಜಾಹೀರಾತಿನ ಬಿಡಿಗಾಸೂ ಇರಲಿಲ್ಲ. 2003ರಲ್ಲಿ ಶುರುವಾದ ಕನ್ನಡ ವಿಕಿಪೀಡಿಯದಲ್ಲಿ ಇವತ್ತಿಗೂ ಜಾಹೀರಾತಿಲ್ಲ. ವಿಕಿಪೀಡಿಯದಲ್ಲಿ ಜಾಹೀರಾತು ಬರಬಹುದೆಂಬ ಮಾತು 2002ರಲ್ಲಿ ಎದ್ದಾಗ ಸ್ಪ್ಯಾನಿಷ್ ಭಾಷೆಯ ಬರಹಗಾರರು ಗುಂಪಾಗಿ ಹೊರನಡೆದು ತಮ್ಮದೇ ವಿಶ್ವಕೋಶ ಕಟ್ಟಿಕೊಂಡರು. ಜಾಹೀರಾತು ಬೇಡ ಎನ್ನಲು ಅವರಲ್ಲಿದ್ದ ಧೈರ್ಯವನ್ನು ನಾನು ಮೆಚ್ಚುತ್ತೇನೆ.

ದರಕ್ಕಿಂತ ನನ್ನನ್ನು ಹೆಚ್ಚು ಕಾಡುವುದು ಇನ್ನೊಂದು. 2017ರಲ್ಲಿ ಉಗ್ರವಾದಿಗಳ ವಿಡಿಯೊಗಳ ಪಕ್ಕ ತಮ್ಮ ಜಾಹೀರಾತು ಕಂಡ ದೊಡ್ಡ ಕಂಪನಿಗಳು ಯೂಟ್ಯೂಬಿನಿಂದ ಹಿಂದೆ ಸರಿದವು. ಆಮೇಲೆ ಯಾವ ವಿಷಯಕ್ಕೆ ಜಾಹೀರಾತು ಕೊಡಬಹುದು, ಯಾವುದಕ್ಕೆ ಕೊಡಬಾರದು ಎಂಬ ನಿಯಮ ಬಿಗಿಯಾಯಿತು. ಸೂಕ್ಷ್ಮ ವಿಷಯವೆಂದು ಯಂತ್ರಕ್ಕೆ ಕಂಡರೆ ವಿಡಿಯೊದ ಪಕ್ಕ ಹಳದಿ ಡಾಲರ್ ಗುರುತು ಬೀಳುತ್ತದೆ, ಜಾಹೀರಾತು ಕಡಿಮೆಯಾಗುತ್ತದೆ. ಆತ್ಮಹತ್ಯೆ, ಲೈಂಗಿಕ ದೌರ್ಜನ್ಯ, ಹಿಂಸೆ ಇವೆಲ್ಲ ಬಹುಕಾಲ ಆ ಸಾಲಿನಲ್ಲಿದ್ದವು. ಸಾಲಕ್ಕೆ ಗಂಡನನ್ನು ಕಳೆದುಕೊಂಡ ರೈತ ಹೆಂಗಸಿನ ಮನೆಯಲ್ಲಿ ಕೂತು ಅವಳ ಮಾತು ಕೇಳಿಸಿಕೊಂಡು ಬಂದವನು, ಅದನ್ನು ಹಾಕುವ ಮೊದಲು ಹತ್ತು ಸಲ ಯೋಚಿಸುತ್ತಿದ್ದ. ಅಂಥ ಕಥೆಯ ಬಗ್ಗೆ ಗದಗದ ಹುಡುಗನೂ ಯೋಚಿಸಿದ. ‘ಹಾಡಿನಾಗ ಬಂದ್ರ ಬರ್ಲಿ ಸರ್, ಬ್ಯಾರೆ ಮಾಡೂದು ಬ್ಯಾಡ’ ಎಂದ. ಜಾಹೀರಾತು ಸಂಬಳ ಕೊಡುವಲ್ಲಿ ಡಮ್ಮಿಯ ಅಡ್ಡಗೆರೆ ಇದ್ದೇ ಇರುತ್ತದೆ. ಪತ್ರಿಕೆಯಲ್ಲಿ ಅದು ಜಾಗವನ್ನು ಕಿತ್ತುಕೊಳ್ಳುತ್ತಿತ್ತು, ಇಲ್ಲಿ ವಿಷಯವನ್ನೇ ಕಿತ್ತುಕೊಳ್ಳುತ್ತದೆ.

ಹಾಗಾದರೆ ಎಲ್ಲವನ್ನೂ ದುಡ್ಡು ಕೊಟ್ಟವರಿಗೆ ಮಾತ್ರ ತೋರಿಸಿದರೆ ಆಗುತ್ತದೆಯೇ? ಬೇಡ. ಕೊಡಲಾಗದವರ ಮುಂದೆ ಬಾಗಿಲು ಹಾಕಿದರೆ ಕನ್ನಡಕ್ಕೆ ಏನು ಸಿಕ್ಕಂತಾಯಿತು? ಕರಾವಳಿಯ ಯಕ್ಷಗಾನ ಇದಕ್ಕೊಂದು ದಾರಿ ತೋರಿಸುತ್ತದೆ. ಸಾಲಿಗ್ರಾಮ, ಪೆರ್ಡೂರು ಮೇಳಗಳು ಡೇರೆ ಕಟ್ಟಿ ಟಿಕೆಟ್ ಇಟ್ಟು ಆಟ ಆಡಿದವು. ಕಟೀಲು, ಮಂದಾರ್ತಿ ಮೇಳಗಳದ್ದು ಹರಕೆ ಆಟ. ಹರಕೆ ಹೊತ್ತವರು ಆಟದ ಖರ್ಚು ಕೊಡುತ್ತಾರೆ, ತಮ್ಮ ಸರದಿಗಾಗಿ ವರ್ಷಗಟ್ಟಲೆ ಕಾಯುತ್ತಾರೆ. ಗದ್ದೆಯಲ್ಲಿ ರಂಗಸ್ಥಳ ಎದ್ದ ಮೇಲೆ ನೋಡಲು ಬಂದವರಿಗೆ ಟಿಕೆಟ್ ಇಲ್ಲ, ನೀವು ಯಾರು ಎಂದು ಕೇಳುವವರಿಲ್ಲ. ಖರ್ಚು ಕೊಟ್ಟ ಮನೆಯವರು ಮುಂದೆ ಕೂತಿರಬಹುದು, ಆದರೆ ಪ್ರಸಂಗ ಎಲ್ಲರಿಗೂ ಒಂದೇ. ಅಂತರಜಾಲದ ಕನ್ನಡಕ್ಕೆ ನಾನು ಬಯಸುವುದು ಇದನ್ನೇ. ಕೊಡಬಲ್ಲವರು ಕೊಡಲಿ, ನೋಡುವುದು ಎಲ್ಲರಿಗೂ ತೆರೆದಿರಲಿ, ನೋಡುವವರನ್ನು ಹರಾಜಿಗೆ ಹಾಕುವುದು ಬೇಡ.

ಕೊಟ್ಟವರ ಮರ್ಜಿಗೆ ಮಾಡುವವರು ಬೀಳುವುದಿಲ್ಲವೇ ಎಂದು ನೀವು ಕೇಳಬಹುದು. ಬೀಳುತ್ತಾರೆ, ಕೊಡುವವರು ಒಬ್ಬಿಬ್ಬರಾದರೆ. ಅದಕ್ಕೇ ಒಬ್ಬರು ಹತ್ತು ಸಾವಿರ ಕೊಡುವುದಕ್ಕಿಂತ ನೂರು ಜನ ನೂರು ರೂಪಾಯಿ ಕೊಡುವುದು ಮೇಲು. ಒಬ್ಬರು ಮುನಿಸಿಕೊಂಡರೆ ನೂರು ರೂಪಾಯಿ ಹೋಗುತ್ತದೆ, ಮಾತು ಉಳಿಯುತ್ತದೆ. ಕನ್ನಡಕ್ಕೆ ಇದು ಹೊಸದಲ್ಲ. ಗಳಗನಾಥರು ತಮ್ಮ ಪುಸ್ತಕಗಳ ಹೊರೆಯನ್ನು ತಾವೇ ಹೊತ್ತು ಊರೂರು ತಿರುಗಿ ಮಾರಿದರು. 1933ರಲ್ಲಿ ಧಾರವಾಡದಲ್ಲಿ ಜಿ.ಬಿ. ಜೋಶಿಯವರು ಶುರುಮಾಡಿದ ಮನೋಹರ ಗ್ರಂಥಮಾಲೆ ಚಂದಾದಾರರನ್ನು ನೆಚ್ಚಿಕೊಂಡು ಬೆಳೆಯಿತು. ವರ್ಷದ ಚಂದಾ ಕಟ್ಟಿದವರ ಮನೆಗೆ ಪುಸ್ತಕ ಹೋಗುತ್ತಿತ್ತು. ಯಾವ ಪುಸ್ತಕ ಬರಬೇಕೆಂದು ತೀರ್ಮಾನಿಸುತ್ತಿದ್ದವರು ಸಂಪಾದಕರು. ಅಮೆರಿಕದ ಸಂಗೀತಗಾರ ಜ್ಯಾಕ್ ಕಾಂಟಿ ಯೂಟ್ಯೂಬಿನ ಜಾಹೀರಾತು ತನ್ನ ಖರ್ಚಿಗೆ ಸಾಲದೆಂದು ಕಂಡು ಗೆಳೆಯನ ಜೊತೆ 2013ರಲ್ಲಿ ‘ಪೇಟ್ರಿಯಾನ್’ ಎಂಬ ಚಂದಾ ತಾಣ ಕಟ್ಟಿದಾಗ ಮಾಡಿದ್ದೂ ಹೆಚ್ಚುಕಡಿಮೆ ಇದೇ.

ಕೊಡುವ ದಾರಿಗಳ ಬಗ್ಗೆ ಚುಟುಕಾಗಿ ಹೇಳುತ್ತೇನೆ. ಯೂಟ್ಯೂಬ್ ಪ್ರೀಮಿಯಂ ಭಾರತಕ್ಕೆ 2019ರಲ್ಲಿ ಬಂತು, 2024ರ ಆಗಸ್ಟಿನಲ್ಲಿ ತಿಂಗಳಿಗೆ 149 ರೂಪಾಯಿ ಆಯಿತು. ಜಾಹೀರಾತು ಇರುವುದಿಲ್ಲ, ನೀವು ಯಾರನ್ನು ಎಷ್ಟು ಹೊತ್ತು ನೋಡಿದಿರಿ ಎಂಬುದರ ಮೇಲೆ ಅವರಿಗೆ ಪಾಲು ಹೋಗುತ್ತದೆ. ಬ್ಲಾಕರಿನ ಗೊಡವೆ ಬೇಡ, ಕೊಡುವ ಶಕ್ತಿ ಇದೆ ಎನ್ನುವವರಿಗೆ ಇದು ಸರಳ. ಚಾನೆಲ್ಲಿನ ಸದಸ್ಯತ್ವ ಪಡೆದರೆ ಶೇಕಡಾ 70 ಮಾಡಿದವರಿಗೆ. ಇದನ್ನು ಐಫೋನಿನ ಆ್ಯಪ್ ಒಳಗಿಂದ ಕೊಡಬೇಡಿ, ಆಪಲ್ ಕಂಪನಿಯ ಪಾಲೂ ಸೇರಿ ಬೆಲೆ ಏರುತ್ತದೆ. ಬ್ರೌಸರಿನಲ್ಲಿ ತೆರೆದು ಕೊಡಿ. ಹೊರದೇಶದ ತಾಣಗಳಿಗೆ ತಿಂಗಳು ತಿಂಗಳು ಕಾರ್ಡಿನಿಂದ ಹೋಗುತ್ತಿದ್ದ ದೇಣಿಗೆ, ರಿಸರ್ವ್ ಬ್ಯಾಂಕಿನ ಹೊಸ ನಿಯಮ 2021ರ ಅಕ್ಟೋಬರ್ ಒಂದರಂದು ಜಾರಿಯಾದಾಗ ಬಹಳ ಜನರದ್ದು ನಿಂತುಹೋಯಿತು. ನಿಮ್ಮದು ನಡೆಯುತ್ತಿದೆಯೇ ಎಂದು ಒಮ್ಮೆ ನೋಡಿಕೊಳ್ಳಿ. ಎಲ್ಲಕ್ಕಿಂತ ನೇರ ದಾರಿ ಯುಪಿಐ. ಕೊಟ್ಟದ್ದು ಪೂರ್ತಿ ತಲುಪುತ್ತದೆ.

ಬ್ಲಾಕರ್ ಬಳಸುವವರು ತಿಳಿದಿರಬೇಕಾದ ಇನ್ನೊಂದು ಸಂಗತಿ 2025ರಲ್ಲಿ ಬೆಳಕಿಗೆ ಬಂತು. ಆಗಸ್ಟ್ ಹೊತ್ತಿಗೆ ಎಷ್ಟೋ ಚಾನೆಲ್ಲುಗಳ ವೀಕ್ಷಣೆಯ ಸಂಖ್ಯೆ ಕಂಪ್ಯೂಟರಿನಲ್ಲಿ ಇದ್ದಕ್ಕಿದ್ದಂತೆ ಕುಸಿಯಿತು. ಬ್ಲಾಕರುಗಳು ನೆಚ್ಚುವ ತಡೆಪಟ್ಟಿಯೊಂದು, ವೀಕ್ಷಣೆಯನ್ನು ಎಣಿಸುವ ಕೊಂಡಿಯನ್ನೂ ಕಣ್ಣಿಡುವ ಸಾಧನವೆಂದು ತಡೆಯತೊಡಗಿತ್ತು. ಬ್ಲಾಕರುಗಳಿಂದ ಎಣಿಕೆ ಏರುಪೇರಾಗಬಹುದೆಂದು ಯೂಟ್ಯೂಬ್ ಕೂಡ ಹೇಳಿತು. ಪ್ರಾಯೋಜಕರ ಹತ್ತಿರ ಹೋಗುವ ಚಿಕ್ಕ ಚಾನೆಲ್ಲಿನವರಿಗೆ ಆ ಸಂಖ್ಯೆಯೇ ಆಧಾರ. ಆದ್ದರಿಂದ ನೀವು ಮೆಚ್ಚುವ ಚಾನೆಲ್ಲಿಗೆ, ನೀವು ನಂಬುವ ತಾಣಕ್ಕೆ ಬ್ಲಾಕರಿನಲ್ಲಿ ವಿನಾಯಿತಿ ಕೊಡಿ. ತಾಣಕ್ಕಾದರೆ ಅದು ಒಂದು ಗುಂಡಿಯ ಕೆಲಸ. ಹಾಗೆಯೇ, ವಿಡಿಯೊ ಮಾಡಿದವರು ತಾವೇ ಬಾಯಿಬಿಟ್ಟು ಹೇಳುವ ಪ್ರಾಯೋಜಕರ ಮಾತನ್ನೂ ಹಾರಿಸುವ ‘ಸ್ಪಾನ್ಸರ್‌ಬ್ಲಾಕ್’ ಎಂಬ ಸಾಧನವಿದೆ. ಆ ಮಾತಿನಲ್ಲಿ ಬೇಹುಗಾರಿಕೆಯಿಲ್ಲ, ಹರಾಜಿಲ್ಲ. ಬೇಡವಾದಾಗ ಕೈಯಿಂದ ಮುಂದಕ್ಕೆ ಓಡಿಸಬಹುದು. ಅದಕ್ಕೂ ಯಂತ್ರ ಇಟ್ಟುಕೊಳ್ಳುವುದು ನನಗೆ ಸರಿಕಾಣುವುದಿಲ್ಲ.

ಕೊನೆಯದಾಗಿ ವಿಡಿಯೊ ಮಾಡುವವರಿಗೆ ಒಂದು ಮಾತು. ಗದಗದ ಹುಡುಗನ ವಿಡಿಯೊಗಳ ಕೆಳಗೆ ಯುಪಿಐ ಸಂಖ್ಯೆ ಇರಲಿಲ್ಲ. ಯಾಕಪ್ಪಾ ಹಾಕಿಲ್ಲ ಎಂದರೆ, ‘ಹೆಂಗ್ ಕೇಳೂದ್ರಿ ಸರ್, ಭಿಕ್ಷೆ ಬೇಡಿದಂಗ ಆಕ್ಕೈತಿ’ ಎಂದ. ಕೇಳಲು ನಾಚಿಕೆ ಬೇಡ. ಆದರೆ ಕೇಳುವಾಗ ಲೆಕ್ಕ ಕೊಡಿ. ಊರಿನ ಉತ್ಸವ ಮುಗಿದ ಮೇಲೆ ಸಮಿತಿಯವರು ಜಮಾ ಖರ್ಚು ಬರೆದು ಗುಡಿಯ ಗೋಡೆಗೆ ಅಂಟಿಸುತ್ತಾರಲ್ಲ, ಆ ಪದ್ಧತಿಯಂತೆ ಪ್ರತಿ ವಿಡಿಯೊದ ಕೆಳಗೆ ಬರೆಯಿರಿ: ಬಸ್ ಚಾರ್ಜು ಇಷ್ಟು, ಮೆಮೊರಿ ಕಾರ್ಡು ಇಷ್ಟು, ಎಡಿಟಿಂಗ್ ಮಾಡಿದ ಗೆಳೆಯನಿಗೆ ಇಷ್ಟು. ಹಾಡಿದ ಅಜ್ಜಿಗೆ ಏನು ಕೊಟ್ಟಿರಿ ಎಂಬುದೂ ಅದರಲ್ಲಿ ಇರಬೇಕು. ಹಾಡು ಅವಳದು. ನಾವು ನೋಡುಗರು ನಿಮಗೆ ಕೊಡಬೇಕಾದಂತೆ ನೀವು ಅವಳಿಗೆ ಕೊಡಬೇಕು, ಕೊಟ್ಟದ್ದನ್ನು ನಮಗೆ ತಿಳಿಸಬೇಕು. ಈ ಮಾತನ್ನು ಅವನಿಗೆ ಹೇಳಿದ್ದೇನೆ. ಮುಂದಿನ ವಿಡಿಯೊದಿಂದ ಬರೆಯುತ್ತೇನೆ ಎಂದಿದ್ದಾನೆ.